ಐದು ಮುಟ್ಟಿದ ತಮ್ಮ

ಕೊಟ್ರೇಶಪ್ಪನವರ ವಿಡಿಯೋ ಅಂಗಡಿಗೆ ಹೊಸ ಕಂಪ್ಯೂಟರ್ ಬಂತು. ಅದರ ಪ್ರೊಸೆಸರಿನೊಳಗೆ ಎಂಟು ಮಂದಿ ಅಣ್ಣತಮ್ಮಂದಿರಿದ್ದರು. ಅಂಗಡಿಯವರು ಅವರನ್ನು ಕೋರುಗಳೆನ್ನುತ್ತಾರೆ. ಡಬ್ಬದ ಮೇಲೆ ವೇಗ ಐದು ಗಿಗಾಹರ್ಟ್ಸ್ ಎಂದು ಅಚ್ಚಾಗಿತ್ತು. ಎಂಟೂ ಜನ ಒಟ್ಟಿಗೆ ದುಡಿಯುವಾಗ ಪರದೆಯ ಮೇಲಿನ ಅಂಕಿ ಮಾತ್ರ ನಾಲ್ಕು ದಾಟುತ್ತಿರಲಿಲ್ಲ.

"ಸಂಜೆಯೊಳಗೆ ಐದು ಮುಟ್ಟದಿದ್ದರೆ ಇದನ್ನ ವಾಪಸ್ ಕೊಟ್ಟುಬಿಡ್ತೀನಿ," ಎಂದರು ಕೊಟ್ರೇಶಪ್ಪ.

ಹಿರಿಯಣ್ಣನಿಗೆ ಮಾನ ಹೋದಂತಾಯಿತು. "ಓಡ್ರೋ!" ಎಂದು ಎಲ್ಲರಿಗಿಂತ ಮುಂದೆ ತಾನೇ ಓಡಿದ. ಎಂಟೂ ಜನ ಓಡಿದ್ದೇ ತಡ, ಪ್ರೊಸೆಸರಿನ ಮನೆ ಕಾದ ಹೆಂಚಾಯಿತು. ಆ ಬಿಸಿಗೆ ವೇಗ ಮೂರೂವರೆಗೆ ಇಳಿಯಿತು.

ಮೇಲಿಂದ ಗಾಳಿ ಬೀಸುತ್ತಿದ್ದ ಫ್ಯಾನಜ್ಜಿ ಗದರಿದಳು. "ಎಂಟು ಜನರ ಬಿಸಿ ನನ್ನಿಂದ ಆರಿಸಲಾಗದು. ಒಬ್ಬ ಓಡಲಿ, ಏಳು ಜನ ಕೂರಿ."

"ಹಾಗಾದರೆ ನಾನೇ ಓಡುತ್ತೇನೆ. ಹಿರಿಯನಲ್ಲವೇ?"

"ಹಿರಿಯ ಯಾರೆಂದು ಕೇಳಲಿಲ್ಲ. ಚುರುಕು ಯಾರು? ನಿಜ ಹೇಳು."

ಹಿರಿಯಣ್ಣನಿಗೆ ಗೊತ್ತಿತ್ತು, ಏಳನೆಯವನೇ ಚುರುಕು. ಹಿರಿತನವನ್ನು ಬದಿಗಿಟ್ಟು ಅವನತ್ತ ಕೈ ತೋರಿಸಿದ. "ಹೋಗೋ ತಮ್ಮ," ಎಂದವನೇ ಎಲ್ಲರಿಗಿಂತ ಮೊದಲು ಕೂತ. ಉಳಿದವರೂ ಕೂತರು. ಮನೆ ತಣ್ಣಗಾಯಿತು, ತಮ್ಮ ಒಂದೇ ಉಸಿರಿಗೆ ಐದು ಮುಟ್ಟಿದ.

ಕೊಟ್ರೇಶಪ್ಪ ಚಪ್ಪಾಳೆ ತಟ್ಟಿದರು. ಅದೇ ಖುಷಿಯಲ್ಲಿ ಮೂರು ಗಂಟೆ ಉದ್ದದ ಮದುವೆ ವಿಡಿಯೋ ತಂದು ಹೇರಿದರು. ಬೀಗುತ್ತಿದ್ದ ತಮ್ಮ ಯಾರನ್ನೂ ಕರೆಯದೆ ಒಬ್ಬನೇ ನುಗ್ಗಿದ. ವಿಡಿಯೋದಲ್ಲಿ ಇನ್ನೂ ವರನ ಕಡೆಯವರು ಬಸ್ಸಿನಿಂದ ಇಳಿಯುತ್ತಿದ್ದರು, ಆಗಲೇ ಅವನು ಏದುಸಿರು ಬಿಡುತ್ತಿದ್ದ.

"ಅಣ್ಣಾ, ನನ್ನೊಬ್ಬನ ಕೈಲಿ ಆಗಲ್ಲ!"

ಹಿರಿಯಣ್ಣ ಆಗಲೇ ಎದ್ದು ನಿಂತಿದ್ದ.

"ಬಂದ್ವಿ ಕಣೋ. ಎಲ್ಲರೂ ಓಡ್ಬೇಕಂದ್ರೆ ನೀನೀಗ ನಾಲ್ಕಕ್ಕೆ ಇಳಿ."