ಬೆಟ್ಟ ಅಳೆದ ನರ್ಸಮ್ಮ

"ಗುರುಗಳೇ, ನಮ್ಮ ಒಳ್ಳೆಯದಕ್ಕೆಂದೇ ಹೇಳುವವರ ಮಾತನ್ನು ಮೀರಬಹುದೇ?" ಎಂದು ಓಬಳೇಶ ಕೇಳಿದ.

ಗುರುಗಳು ಸೈಕಲ್ ಕಟ್ಟುವ ವಿದ್ಯೆ ಕಲಿಸುವವರು. ಕೊಳವೆ ಕತ್ತರಿಸಿ, ಕೋನ ನೋಡಿ, ಬೆಸೆದು, ಬೆಟ್ಟ ಹತ್ತುವ ಸೈಕಲ್ಲುಗಳಿಗೆ ಫ್ರೇಮ್ ಮಾಡುವುದು ಅವರ ಕಾಯಕ. ಓಬಳೇಶ ಮೂರು ವರ್ಷದಿಂದ ಅವರ ಶಿಷ್ಯ. ಅವನು ಹೀಗೆ ಬೆಸುಗೆಯ ಬೆಂಕಿಯ ಮುಂದೆ ಕೂತು ಕಣ್ಣು ಕೆಡಿಸಿಕೊಳ್ಳುವುದು ಅವನ ಅಣ್ಣಂದಿರಿಗೆ ಇಷ್ಟವಿರಲಿಲ್ಲ. ಫ್ಯಾನಿನ ಕೆಳಗೆ ಕೂರುವ ಕೆಲಸವೊಂದನ್ನು ಹುಡುಕಿಟ್ಟು, ಸೋಮವಾರದೊಳಗೆ ಬಂದು ಸೇರಿಕೋ ಎಂದು ಹೇಳಿಕಳಿಸಿದ್ದರು. ಅಣ್ಣಂದಿರು ಕೆಟ್ಟವರಲ್ಲ. ಅದೇ ಅವನಿಗೆ ದೊಡ್ಡ ತೊಡಕಾಗಿತ್ತು.

ಗುರುಗಳು ಕೊಳವೆಯ ಅಂಚು ಉಜ್ಜುತ್ತಿದ್ದ ಅರವನ್ನು ಕೆಳಗಿಟ್ಟು ಕತೆ ಶುರು ಮಾಡಿದರು.

ಒಂದು ಕಲ್ಲುಬೆಟ್ಟ. ಬುಡದಲ್ಲಿ ಒಂದು ಊರು, ಮೇಲೆ ಏಳು ಹಟ್ಟಿ. ಹಟ್ಟಿಗಳಿಗೆ ಗಾಡಿ ಹೋಗುವ ದಾರಿ ಇರಲಿಲ್ಲ. ಹಾಸುಬಂಡೆ, ಮೆಟ್ಟಿಲಿನ ಹಾಗೆ ನಿಂತ ಕಲ್ಲು, ನಡುನಡುವೆ ಮರಳು. ಆ ದಾರಿಯಲ್ಲಿ ಒಬ್ಬ ನರ್ಸಮ್ಮ ಬೆನ್ನಿಗೆ ಹೆರಿಗೆಯ ಚೀಲ ಕಟ್ಟಿಕೊಂಡು ಇಪ್ಪತ್ತೆರಡು ವರ್ಷ ಸೈಕಲ್ಲಿನಲ್ಲಿ ಹತ್ತಿ ಇಳಿದಿದ್ದಳು. ಏಳು ಹಟ್ಟಿಯ ಮಕ್ಕಳಲ್ಲಿ ಅರ್ಧಕ್ಕರ್ಧ ಅವಳ ಕೈಯಲ್ಲೇ ಹುಟ್ಟಿದವರು.

ಒಂದು ದಿನ ಇಳಿಯುವಾಗ ಅವಳ ಹಳೆಯ ಸೈಕಲ್ಲಿನ ಮುಂಚಕ್ರ ಹಿಡಿಯುವ ಫೋರ್ಕು ಮುರಿಯಿತು. ನರ್ಸಮ್ಮನ ಮೊಣಕೈ ತರಚಿತು, ಮುಂಗೈ ಊದಿತು. ಅಷ್ಟೇ. ಆದರೆ ಊರಿನ ಹಿರಿಯರಿಗೆ ದಿಗಿಲು ಹತ್ತಿತು. ಬುಡದ ಆಸ್ಪತ್ರೆಯನ್ನು ನಡೆಸುತ್ತಿದ್ದವರು ಅವರೇ. ಕೂತು ಮಾತಾಡಿ, ನರ್ಸಮ್ಮನಿಗೆ ಬೆಟ್ಟದ ಸೈಕಲ್ ಹೊಸದೊಂದು ಕೊಡಿಸುವುದೆಂದು ತೀರ್ಮಾನಿಸಿದರು. ಎಂಥದು ಬೇಕಮ್ಮಾ ಎಂದು ಅವಳನ್ನು ಮಾತ್ರ ಯಾರೂ ಕೇಳಲಿಲ್ಲ. ಒಳ್ಳೆಯದು ಮಾಡಲು ಹೊರಟ ಹುರುಪಿನಲ್ಲಿ ಕೇಳುವುದು ಯಾರಿಗೆ ನೆನಪಿರುತ್ತದೆ? ವಾರದೊಳಗೆ ಪಟ್ಟಣದ ಒಬ್ಬ ವ್ಯಾಪಾರಿ ಸೈಕಲ್ ತಂದು ಆಸ್ಪತ್ರೆಯ ಜಗಲಿಯಲ್ಲಿ ನಿಲ್ಲಿಸಿದ.

ಮುಂದೆ ಕುಲುಕು ತಡೆಯುವ ಸ್ಪ್ರಿಂಗಿನ ಶಾಕ್, ಹಿಂದೆ ಶಾಕ್. ಹ್ಯಾಂಡಲ್ ಎದೆಗೆ ತಾಗುವಷ್ಟು ಹತ್ತಿರ, ಸೀಟು ಹಿಂದಕ್ಕೆ ಒರಗಿಕೊಂಡಂತೆ. ವ್ಯಾಪಾರಿ ಸೀಟಿನ ಮೇಲೆ ಅಂಗೈ ಇಟ್ಟು ಒತ್ತಿದ. ಸೈಕಲ್ಲು ಗೇಣುದ್ದ ಕುಸಿದು ಮತ್ತೆ ಎದ್ದಿತು. ಊರಿನ ಗೌಡರು ಒತ್ತಿದರು. ಆಮೇಲೆ ಸಾಲಾಗಿ ಎಲ್ಲರೂ ಒತ್ತಿದರು. ಪೂಜಾರಿ ಎರಡು ಸಲ ಒತ್ತಿದ. ಹಾಸಿಗೆ ಕೊಳ್ಳಲು ಹೋದವರ ಹಾಗೆ ಒತ್ತಿ ಒತ್ತಿ, ಏನು ಮೆತ್ತಗಿದೆ ಎಂದು ತಲೆದೂಗಿದರು. ಹಲ್ಲು ಎಣಿಸದೆ, ನಡಿಗೆ ನೋಡದೆ ಎತ್ತು ಕೊಳ್ಳದ ಜನ ಅವರು. ಸೈಕಲ್ಲಿಗೆ ಮಾತ್ರ ಅವರ ಪರೀಕ್ಷೆ ಅಂಗೈ ಒಂದೇ ಆಗಿತ್ತು.

ನರ್ಸಮ್ಮ ಮರುದಿನ ಅದನ್ನು ಬೆಟ್ಟಕ್ಕೆ ಒಯ್ದಳು. ಹತ್ತುವಾಗ ಪ್ರತಿ ತುಳಿತಕ್ಕೂ ಹಿಂದಿನ ಶಾಕ್ ಕುಸಿಯಿತು. ಕಾಲಿನ ಕಸುವು ಅರ್ಧ ಚಕ್ರಕ್ಕೆ, ಅರ್ಧ ಸ್ಪ್ರಿಂಗಿಗೆ. ಸೈಕಲ್ಲು ಕುಸಿದಾಗಲೆಲ್ಲ ಪೆಡಲ್ಲು ಕಲ್ಲಿಗೆ ಬಡಿಯಿತು. ಹಾಸುಬಂಡೆಯ ಏರಿನಲ್ಲಿ ಅವಳ ಮೈಭಾರ, ಚೀಲದ ಭಾರ ಎರಡೂ ಹಿಂದಕ್ಕೆ ಜಗ್ಗಿ ಮುಂಚಕ್ರ ನೆಲ ಬಿಟ್ಟು ಎದ್ದಿತು. ಇಳಿಯುವಾಗ ಮೊದಲ ಮೆಟ್ಟಿಲಿಗೇ ಮುಂದಿನ ಶಾಕ್ ಪೂರ್ತಿ ಕುಸಿದು, ಹ್ಯಾಂಡಲ್ ದಾಟಿ ಮುಗ್ಗರಿಸುವುದು ಕೂದಲೆಳೆಯಲ್ಲಿ ತಪ್ಪಿತು.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಅವಳಿಗೆ ಕಲ್ಲೇ ತಿಳಿಯುತ್ತಿರಲಿಲ್ಲ. ಹಳೆಯ ಸೈಕಲ್ಲಿನಲ್ಲಿ ಹಿಂಚಕ್ರ ಕಲ್ಲು ಹಿಡಿದಿದೆಯೋ ಜಾರುತ್ತಿದೆಯೋ ಎಂಬುದು ಸೊಂಟಕ್ಕೆ ಕೂಡಲೇ ಗೊತ್ತಾಗುತ್ತಿತ್ತು. ಇದರಲ್ಲಿ ಜಾರಿದ ಮೇಲಷ್ಟೇ ಗೊತ್ತಾಗುತ್ತಿತ್ತು. ನರ್ಸಮ್ಮ ಇಳಿದು, ಉಳಿದ ದಾರಿಯನ್ನು ಸೈಕಲ್ ತಳ್ಳಿಕೊಂಡೇ ಬಂದಳು. ನೇರವಾಗಿ ಗೌಡರ ಮುಂದೆ ಹೋಗಿ ನಿಂತಳು.

"ಗೌಡ್ರೇ, ಈ ಸೈಕಲ್ಲು ನಂಗೆ ಬ್ಯಾಡ."

"ಯಾಕವ್ವಾ? ಇಡೀ ಊರೇ ಒತ್ತಿ ನೋಡೈತೆ. ನಿನ್ ಒಳ್ಳೇದಕ್ಕೇ ತರ್ಸಿದ್ದು. ಈ ವಯಸ್ನಾಗೆ ಮೈ ಕುಲುಕಿಸ್ಕಂಡು ಯಾಕೆ ತಿರುಗ್ತೀಯ?"

"ನೀವು ಒತ್ತಿದ್ದು ನಿಂತಿರೋ ಸೈಕಲ್ಲನ್ನ. ನಾನು ಹೋಗ್ಬೇಕಾಗಿರೋದು ಬೆಟ್ಟಕ್ಕೆ. ಬೆಟ್ಟ ಅಳೀತೀನಿ. ಅಳ್ದು, ಅದಕ್ಕೂ ನನ್ ಮೈಗೂ ಹೊಂದೋ ಅಂಥದ್ದು ಕಟ್ಟಿಸ್ಕಂತೀನಿ."

ಗೌಡರ ಹುಬ್ಬು ಗಂಟಿಕ್ಕಿತು. "ಹೋಗೋದಾದ್ರೆ ಇದ್ರಾಗೇ ಹೋಗು. ಇಲ್ದಿದ್ರೆ ಬೆಟ್ಟದ ಆಸೆ ಬಿಡು. ಹಟ್ಟಿ ಹೆಂಗಸ್ರು ಬೇಕಾದ್ರೆ ಇಳ್ದು ಬರ್ಲಿ."

ನರ್ಸಮ್ಮನ ಮೈಯೆಲ್ಲ ಉರಿದುಹೋಯಿತು. ತುಂಬು ಬಸುರಿ ಆ ಕಲ್ಲುಗಳನ್ನು ಇಳಿದು ಬರುವುದೆಂದರೆ ಏನೆಂದು ಅವಳಿಗೆ ಗೊತ್ತಿತ್ತು. ತಾನು ಸೈಕಲ್ಲಿನಲ್ಲಿ ಬೆಟ್ಟ ಹತ್ತತೊಡಗುವ ಮುಂಚೆ ಹಾಗೆ ಇಳಿದು ಬಂದ ಇಬ್ಬರನ್ನು ಅವಳು ನೋಡಿದ್ದಳು. ಒಬ್ಬಳು ಮಾತ್ರ ತಿರುಗಿ ಹತ್ತಿದ್ದಳು. ಗೌಡರ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಮರುದಿನ ಬೆಳಿಗ್ಗೆ ನಡೆದುಕೊಂಡೇ ಬೆಟ್ಟ ಹತ್ತಿದಳು.

ಅಂದಿನಿಂದ ಒಂದು ತಿಂಗಳು ನಡೆದೇ ಹತ್ತಿದಳು, ನಡೆದೇ ಇಳಿದಳು. ಬಸುರಿಯರ ಹೊಟ್ಟೆ ಅಳೆಯುವ ಟೇಪು ಅವಳ ಚೀಲದಲ್ಲಿ ಸದಾ ಇರುತ್ತಿತ್ತು. ಅದರಲ್ಲೇ ಮೆಟ್ಟಿಲುಗಲ್ಲು ಒಂದೊಂದನ್ನೂ ಅಳೆದಳು. ಹಾಸುಬಂಡೆಯ ಏರು ಎಷ್ಟಿದೆಯೆಂದು ನೋಡಲು, ಖಾಲಿ ಸಲೈನ್ ಬಾಟಲಿಗೆ ಅರ್ಧ ನೀರು ತುಂಬಿ ಬಂಡೆಯ ಮೇಲೆ ಉದ್ದಕ್ಕೆ ಮಲಗಿಸಿ, ನೀರು ನಿಂತ ಕಡೆ ಪೆನ್ನಿನಲ್ಲಿ ಗೆರೆ ಎಳೆದಳು. ಬಸುರಿಗೆ ತಿಂಗಳಿಗೊಮ್ಮೆ ಅಳತೆ ಹಿಡಿಯುವ ಅಭ್ಯಾಸ ಅವಳದು. ಒಂದು ಅಳತೆಯನ್ನು ನಂಬಿ ಕೆಡುವುದನ್ನು ಅವಳು ಕಂಡಿದ್ದಳು. ಹಾಗಾಗಿ ಬೆಟ್ಟವನ್ನೂ ಮೂರು ಮೂರು ಸಲ ಅಳೆದಳು.

ಊರಿನವರು ನಕ್ಕು ನಕ್ಕು ಸುಸ್ತಾದರು. ಬಂಡೆಯ ಮೇಲೆ ಮಂಡಿಯೂರಿ ಟೇಪು ಹಿಡಿದವಳನ್ನು ಕಂಡು ಪೂಜಾರಿ ಕೆಳಗಿನಿಂದಲೇ ಕೂಗಿ, ಬೆಟ್ಟಕ್ಕೆ ಈಗ ಎಷ್ಟು ತಿಂಗಳು ಎಂದು ಕೇಳಿದ. ದಿನ ತುಂಬುತ್ತಾ ಬಂತು ಸ್ವಾಮೀ, ನೀವು ದೂರ ನಿಲ್ಲಿ ಎಂದು ಅವಳೂ ಕೂಗಿಯೇ ಹೇಳಿದಳು. ಪೂಜಾರಿ ಮತ್ತೆ ಆ ಕಡೆ ಸುಳಿಯಲಿಲ್ಲ.

ಅಳತೆಯ ಚೀಟಿಗಳನ್ನೂ ಗೆರೆ ಎಳೆದ ಬಾಟಲಿಯನ್ನೂ ತೆಗೆದುಕೊಂಡು ನರ್ಸಮ್ಮ ಸೈಕಲ್ ಕಟ್ಟುವವನೊಬ್ಬನ ಬಳಿಗೆ ಹೋದಳು. ಅವನೂ ಮೊದಲು ಮೂಗು ಮುರಿದ. ಹಿಂದೆ ಶಾಕ್ ಇಲ್ಲದಿದ್ದರೆ ಸೊಂಟ ನೋಯುತ್ತದೆ ಎಂದ. ನೋಯಲಿ, ಸೊಂಟ ನನ್ನದು ಎಂದಳು. ಅವನು ಬಾಟಲಿಯನ್ನು ಬೆಳಕಿಗೆ ಹಿಡಿದು ಆ ಗೆರೆಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ ತಕರಾರಿಲ್ಲದೆ ಕೊಳವೆ ಕತ್ತರಿಸಿದ.

ಸೀಟನ್ನು ಮುಂದಕ್ಕೆ ತಂದು ಪೆಡಲ್ಲುಗಳ ನೆತ್ತಿಗೆ ನಿಲ್ಲಿಸಿದರು, ಏರಿನಲ್ಲಿ ಮೈಭಾರ ಹಿಂದಕ್ಕೆ ಬೀಳದಿರಲೆಂದು. ಫೋರ್ಕನ್ನು ಮುಂದಕ್ಕೆ ಚಾಚಿ ಒರಗಿಸಿದರು, ಮುಂಚಕ್ರ ಮೆಟ್ಟಿಲಿಗೆ ಡಿಕ್ಕಿ ಹೊಡೆಯದೆ ಹತ್ತಲೆಂದು. ಹ್ಯಾಂಡಲ್ ಎದೆ ಬಿಟ್ಟು ದೂರ ಹೋಯಿತು. ನರ್ಸಮ್ಮ ಕುಳ್ಳಿ. ಎಲ್ಲಿ ನಿಂತರೂ ಕಾಲು ನೆಲಕ್ಕೆ ಸಿಗುವಂತೆ ನಡುವಿನ ಕೊಳವೆಯನ್ನು ತಗ್ಗಿಸಿದರು. ಮುಂದೆ ಒಂದೇ ಶಾಕ್, ಅದೂ ಗಟ್ಟಿ. ದೊಡ್ಡ ಪೆಟ್ಟು ಬಿದ್ದರೆ ಮಾತ್ರ ಬಗ್ಗುವಂಥದ್ದು. ಹಿಂದೆ ಶಾಕೇ ಇಲ್ಲ. ಅದರ ಬದಲು ದಪ್ಪ ಟೈರು, ಕಡಿಮೆ ಗಾಳಿ. ಬಣ್ಣ ಹೊಡೆಯುವುದೊಂದು ಉಳಿದಿತ್ತು. ನರ್ಸಮ್ಮ ಅದಕ್ಕೆ ಕಾಯದೆ ಬೋಳು ಉಕ್ಕಿನ ಸೈಕಲ್ಲನ್ನೇ ಊರಿಗೆ ತಂದಳು.

ಅವಳು ಬಂದು ಸೇರುವ ಹೊತ್ತಿಗೆ ಏಳನೆಯ ಹಟ್ಟಿಯಿಂದ ಒಬ್ಬ ಕುರಿಗಾಹಿ ಓಡೋಡಿ ಬಂದಿದ್ದ. ಅವನ ಹೆಂಡತಿಗೆ ಬೆಳಿಗ್ಗೆಯಿಂದ ನೋವು. ಮಗುವಿನ ತಲೆ ಬರುತ್ತಿಲ್ಲ, ಕಾಲು ಬರುತ್ತಿದೆ. ಅಷ್ಟು ಹೇಳಿ ಅವನು ಜಗಲಿಯ ಮೇಲೆ ಕುಸಿದು ಕೂತ. ನರ್ಸಮ್ಮ ಚೀಲ ಬೆನ್ನಿಗೇರಿಸಿದಳು. ಗೌಡರು ಮೆತ್ತನೆಯ ಸೈಕಲ್ಲನ್ನು ತಾವೇ ತಳ್ಳಿಕೊಂಡು ಬಂದು ಅವಳಿಗೆ ಅಡ್ಡ ನಿಲ್ಲಿಸಿದರು. ಅವರ ಮುಖದಲ್ಲಿ ನಿಜವಾಗಿಯೂ ಹೆದರಿಕೆ ಇತ್ತು. ಆ ಬೋಳು ಉಕ್ಕಿನ ಮೇಲೆ ಹತ್ತಿದರೆ ನಾಳೆಯಿಂದ ಈ ಆಸ್ಪತ್ರೆ ನಿನ್ನದಲ್ಲ ಎಂದರು.

ನರ್ಸಮ್ಮ ಸೊಂಟದಲ್ಲಿದ್ದ ಆಸ್ಪತ್ರೆಯ ಬೀಗದ ಕೈಯನ್ನು ತೆಗೆದು ಆ ಮೆತ್ತನೆಯ ಸೀಟಿನ ಮೇಲೆ ಇಟ್ಟಳು. ಬಳಸಿಕೊಂಡು ಹೋಗಿ ತನ್ನ ಸೈಕಲ್ ಹತ್ತಿದಳು.

ದಾರಿ ಅವಳನ್ನೇನೂ ಬಿಡಲಿಲ್ಲ. ಒಂದೊಂದು ಕಲ್ಲೂ ಅಂಗಾಲಿಗೆ, ಸೊಂಟಕ್ಕೆ, ಹಲ್ಲಿಗೆ ಗುದ್ದಿತು. ಆದರೆ ಒಂದೊಂದು ಕಲ್ಲೂ ತಾನೆಲ್ಲಿದ್ದೇನೆಂದು ಹೇಳಿತು. ಹಾಸುಬಂಡೆಯ ಏರಿನಲ್ಲಿ ಮುಂಚಕ್ರ ನೆಲಕ್ಕೆ ಅಂಟಿಕೊಂಡೇ ಇತ್ತು. ತುಳಿದ ತುಳಿತವೆಲ್ಲ ಚಕ್ರಕ್ಕೇ ಹೋಯಿತು. ಮರಳಿನಲ್ಲಿ ಹಿಂಚಕ್ರ ಜಾರಲಿದೆಯೆಂಬುದು ಜಾರುವ ಮೊದಲೇ ತಿಳಿದು ಮೈಭಾರ ಹಿಂದಕ್ಕೆ ಕೊಟ್ಟಳು. ಒಂದು ಮೆಟ್ಟಿಲಿನಲ್ಲಿ ಬಿದ್ದಳು. ಅದು ಸೈಕಲ್ಲಿನ ತಪ್ಪಲ್ಲ, ಅವಳ ಅವಸರದ್ದು. ಎದ್ದು, ಅಂಗೈಯ ಕಲ್ಲುಚೂರು ಕೊಡವಿ ಮತ್ತೆ ಹತ್ತಿದಳು. ನನಗೆ ನೋವಾಗಬಾರದಂತೆ, ನೋವು ತಿಳಿಯದೆ ಹೆರಿಗೆ ಮಾಡಿಸಲು ಹೋಗುತ್ತೇನೆಯೇ ಎಂದು ದಾರಿಯುದ್ದಕ್ಕೂ ಗೌಡರನ್ನು ಬೈದುಕೊಂಡೇ ಹೋದಳು. ಬೈದಷ್ಟೂ ಕಾಲಿಗೆ ಕಸುವು ಬಂತು.

ನಡೆದರೆ ಎರಡು ಗಂಟೆಯ ದಾರಿ. ಅವಳು ಮುಕ್ಕಾಲು ಗಂಟೆಯಲ್ಲಿ ಏಳನೆಯ ಹಟ್ಟಿಯಲ್ಲಿದ್ದಳು. ಮಗು ಕಾಲು ಮುಂದಾಗಿಯೇ ಬಂತು. ಕೊನೆಗೆ ಸಿಕ್ಕಿಕೊಂಡ ತಲೆಯನ್ನು ನರ್ಸಮ್ಮ ಬೆರಳಿನಲ್ಲಿ ಬಗ್ಗಿಸಿ ಮೆಲ್ಲಗೆ ಬಿಡಿಸಿದಳು. ಹೆಣ್ಣು ಮಗು. ಸ್ವಲ್ಪ ತಡೆದು ಅತ್ತಿತು. ತಾಯಿ ಉಳಿದಳು. ನರ್ಸಮ್ಮ ಗುಡಿಸಲ ಹಿಂದೆ ಹೋಗಿ, ಯಾರೂ ಕಾಣದಂತೆ ಸೊಂಟ ಹಿಡಿದುಕೊಂಡು ಕೂತಳು. ನೋವು ಜೋರಾಗಿಯೇ ಇತ್ತು. ಅವಳಿಗೆ ಸಂತೋಷಕ್ಕೆ ಅಳು ಬಂತು.

ಗೌಡರು ಆಡಿದ ಮಾತಿಗೆ ತಪ್ಪಲಿಲ್ಲ. ಮರುದಿನ ಆಸ್ಪತ್ರೆಗೆ ಬೇರೊಬ್ಬಳು ಬಂದಳು. ಬೆಟ್ಟ ಹತ್ತುವ ಮಾತೆತ್ತದ, ಹೇಳಿದ್ದಕ್ಕೆಲ್ಲ ಹೂಂ ಎನ್ನುವ ಹುಡುಗಿ. ನರ್ಸಮ್ಮನ ಕೆಲಸ ಹೋಯಿತು, ಕೆಲಸದ ಜೊತೆ ಕೊಟ್ಟಿದ್ದ ಮನೆಯೂ ಹೋಯಿತು. ನಾಲ್ಕನೆಯ ಹಟ್ಟಿಯವರು ಕುರಿಯ ರೊಪ್ಪದ ಪಕ್ಕದಲ್ಲಿ ಅವಳಿಗೊಂದು ಕೋಣೆ ಬಿಟ್ಟುಕೊಟ್ಟರು. ಅವಳು ಹಟ್ಟಿಯಿಂದ ಹಟ್ಟಿಗೆ ತಿರುಗುವುದನ್ನು ಒಂದು ದಿನವೂ ನಿಲ್ಲಿಸಲಿಲ್ಲ. ಆ ಫ್ರೇಮಿಗೆ ಬಣ್ಣ ಹೊಡೆಸಲು ಅವಳಿಗೆ ಪುರುಸೊತ್ತೇ ಸಿಗಲಿಲ್ಲವಂತೆ. ಮೆತ್ತನೆಯ ಸೈಕಲ್ಲು ಇನ್ನೂ ಜಗಲಿಯಲ್ಲಿದೆ. ಹೋಗಿ ಬರುವವರು ಒಮ್ಮೆ ಒತ್ತಿ ನೋಡಿ ತಲೆದೂಗುತ್ತಾರೆ.

ಗುರುಗಳು ಕತೆ ಮುಗಿಸಿ ಅರವನ್ನು ಮತ್ತೆ ಕೈಗೆತ್ತಿಕೊಂಡರು. ಓಬಳೇಶನ ಎದೆ ಹಗುರವಾಗಿತ್ತು. ಎದ್ದು ಕೈಮುಗಿದ.

"ಹಾಗಾದರೆ ಗುರುಗಳೇ, ಅಣ್ಣಂದಿರ ಮಾತು ಮೀರಲು ತಮ್ಮ ಅಪ್ಪಣೆ ಸಿಕ್ಕ ಹಾಗಾಯಿತು."

"ನರ್ಸಮ್ಮ ಯಾರ ಅಪ್ಪಣೆ ಕೇಳಿದಳು ಎಂದು ನಾನು ಹೇಳಿದೆನಪ್ಪಾ?" ಎಂದರು ಗುರುಗಳು.

ಓಬಳೇಶ ಮುಗಿದ ಕೈಯನ್ನು ಕೆಳಗಿಳಿಸಿದ.