ನೀರಿನ ಏಳು ಹೆಸರು ಬಲ್ಲ ನೀರುನಾಯಿ ಮರಿ

ಮಕ್ಕಳೇ, ದಟ್ಟ ಕಾಡಿನ ನಡುವೆ ಕರಿಮಡು ಎಂಬ ಒಂದು ಮಡು ಇತ್ತು. ಬೇಸಿಗೆಯಲ್ಲಿ ಅದು ತನ್ನ ಪಾಡಿಗೆ ನಿಂತ ನೀರು. ಮಳೆಗಾಲದಲ್ಲಿ ಮೊದಲ ನೆರೆ ಬಂದ ದಿನ ಮಾತ್ರ ಹೊಳೆಯ ಜೊತೆ ಸೇರಿಕೊಳ್ಳುತ್ತಿತ್ತು. ಆ ದಿನ ಮಡುವಿನ ನೀರುನಾಯಿಗಳೆಲ್ಲ ಒಟ್ಟಾಗಿ ಈಜುತ್ತ ದೊಡ್ಡ ನದಿಗೆ ಹೊರಡುತ್ತಿದ್ದವು. ಅಲ್ಲಿ ಮೀನೂ ಹೆಚ್ಚು, ಆಟಕ್ಕೆ ಜೊತೆಗಾರರೂ ಹೆಚ್ಚು. ಈಜು ಬಾರದವರು ಹಿಂದೆ ಉಳಿಯಬೇಕು. ಆದರೆ ಹಾಗೆ ಉಳಿದ ನೀರುನಾಯಿ ಅಲ್ಲಿಯವರೆಗೆ ಒಂದೂ ಇರಲಿಲ್ಲ.

ಆ ಮಡುವಿನ ದಡದಲ್ಲಿ ಮೀನಕ್ಕ ಎಂಬ ತಾಯಿ ನೀರುನಾಯಿ ಇದ್ದಳು. ಅವಳಿಗೆ ಒಂದೇ ಮರಿ, ಚಿಗುಳಿ. ನೀರುನಾಯಿ ಮರಿಗೆ ಈಜು ಹುಟ್ಟಿನಿಂದಲೇ ಬರುತ್ತದೆ ಎಂದು ನೀವು ಅಂದುಕೊಂಡಿರಬಹುದು. ಇಲ್ಲ, ಮೊದಮೊದಲು ಅದಕ್ಕೂ ನೀರೆಂದರೆ ಹೆದರಿಕೆ. ಅದಕ್ಕೇ ಅವರ ಕುಲದಲ್ಲಿ ಒಂದು ವಾಡಿಕೆ ಇತ್ತು. ಮರಿ ಹುಟ್ಟಿ ಮೂರು ಹುಣ್ಣಿಮೆ ಕಳೆಯುವುದರೊಳಗೆ ತಾಯಿ ಅದರ ಕತ್ತಿನ ಚರ್ಮವನ್ನು ಬಾಯಲ್ಲಿ ಹಿಡಿದು, ಕೆಸರಿನ ಜಾರಿಕೆಯ ಮೇಲಿಂದ ನೀರಿಗೆ ಜಾರಿಸುತ್ತಿದ್ದಳು. ತಾನೂ ಹಿಂದೆಯೇ ಜಾರುತ್ತಿದ್ದಳು. ಮೂರು ಹುಣ್ಣಿಮೆ ಮೀರಿದರೆ ಭಯ ಮೈಯೊಳಗೇ ಕೂತುಬಿಡುತ್ತದೆ ಎಂದು ಮೀನಕ್ಕನ ತಾಯಿ ಅವಳಿಗೆ ಹೇಳಿದ್ದಳು.

ಆ ವರ್ಷವೇ ಕರಿಮಡುವಿನ ದಡದಲ್ಲಿ ಶಾಲೆ ಶುರುವಾಯಿತು. ಮೂವರು ಮೇಷ್ಟ್ರುಗಳು. ಒಬ್ಬೊಬ್ಬರದೂ ಒಂದೊಂದು ಮತ.

ಕೊಕ್ಕರೆ ಮೇಷ್ಟ್ರು ಹೇಳುತ್ತಿದ್ದರು: "ಲೋಕವೆಲ್ಲ ಇರುವುದು ಮನಸ್ಸಿನಲ್ಲಿ. ನಿಜವಾದ ನೀರು ಮನಸ್ಸಿನ ಒಳಗಿದೆ. ಅದನ್ನು ಕಂಡವನಿಗೆ ಈ ಮಡು ಯಾವ ಮಹಾ!" ದಿನವಿಡೀ ಒಂಟಿ ಕಾಲಲ್ಲಿ ಕಣ್ಣು ಮುಚ್ಚಿ ನಿಲ್ಲುವವರಿಗೆ ಲೋಕ ಬೇರೆ ಹೇಗೆ ತೋರೀತು?

ಆಮೆ ಮೇಷ್ಟ್ರಿಗೆ ಇದು ಹಿಡಿಸುತ್ತಿರಲಿಲ್ಲ. "ಕಣ್ಣಿಗೆ ಕಂಡದ್ದು, ಕಾಲಿಗೆ ತಾಗಿದ್ದು, ಅಷ್ಟೇ ನಿಜ. ನೋಡು, ಅಳೆ, ಹೆಸರು ಹೇಳು. ಕಲಿಕೆ ಅಂದರೆ ಅದು" ಎನ್ನುತ್ತಿದ್ದರು.

ಕರಿಮೂತಿಯ ಕೋತಿ, ಮುಸುವ ಮೇಷ್ಟ್ರು ಅತ್ತಿಮರದಿಂದ ಕೆಳಗೆ ಇಳಿಯುತ್ತಲೇ ಇರಲಿಲ್ಲ. "ಪ್ರಕೃತಿಯೇ ಗುರು ಕಣ್ರೀ. ಮರಿಯನ್ನು ಅದರ ಪಾಡಿಗೆ ಬಿಡಿ. ಯಾರೂ ಏನೂ ಕಲಿಸಕೂಡದು!" ಎಂದು ಕೊಂಬೆಯ ಮೇಲಿಂದಲೇ ಕೂಗುತ್ತಿದ್ದರು. ಹಾಗಾದರೆ ಇವರು ಮೇಷ್ಟ್ರಾದದ್ದು ಯಾಕೆ ಎಂದು ಯಾರೂ ಕೇಳಲಿಲ್ಲ.

ಮೀನಕ್ಕ ಮರಿಯನ್ನು ನೆಕ್ಕಿ ಚೊಕ್ಕ ಮಾಡಿ ಶಾಲೆಗೆ ಕರೆತಂದಳು.

"ನಮ್ಮ ಚಿಗುಳಿಗೆ ಮೊದಲ ನೆರೆ ಬರೋದ್ರೊಳಗೆ ಈಜು ಬಂದ್ರೆ ಸಾಕು ಮೇಷ್ಟ್ರೇ. ನಮ್ಮ ಕಡೆ ಕತ್ತು ಹಿಡಿದು ಜಾರಿಸ್ತೀವಿ. ನೀರಿಗೆ ಬಿದ್ದು, ಒದ್ದಾಡಿ, ಹಾಗೇ ಕಲೀತಾವೆ" ಎಂದು ಹಿಂಜರಿಯುತ್ತ ಹೇಳಿದಳು.

ಯಾವ ಮಾತಿಗೂ ಒಮ್ಮತವಿಲ್ಲದ ಆ ಮೂವರು ಅವತ್ತು ಒಟ್ಟಿಗೇ ನಕ್ಕರು.

"ಬೀಳೋದು, ಒದ್ದಾಡೋದು, ಅದೂ ಒಂದು ವಿದ್ಯೆಯೇ?" ಎಂದರು ಕೊಕ್ಕರೆ ಮೇಷ್ಟ್ರು. "ನಮ್ಮ ಪಾಠ ಮುಗಿಯೋವರೆಗೆ ನೀನು ಮರಿಯ ಕತ್ತಿಗೆ ಬಾಯಿ ಹಾಕಕೂಡದು. ಒಪ್ಪಿಗೆಯೇ?"

ಮೀನಕ್ಕನಿಗೆ ನಾಚಿಕೆಯಾಯಿತು. ತಾನಂತೂ ಶಾಲೆ ಕಲಿಯಲಿಲ್ಲ, ಮಗನಾದರೂ ಜಾಣನಾಗಲಿ ಎಂದುಕೊಂಡು ತಲೆಯಾಡಿಸಿದಳು.

ಚಿಗುಳಿ ನಿಜಕ್ಕೂ ಚುರುಕು. ಬೆಳಿಗ್ಗೆ ಕೊಕ್ಕರೆ ಮೇಷ್ಟ್ರ ಮುಂದೆ ಕಣ್ಣು ಮುಚ್ಚಿ ಒಳಗಿನ ನೀರನ್ನು ನೆನೆಯುತ್ತಿದ್ದ. ಆಮೇಲೆ ಆಮೆ ಮೇಷ್ಟ್ರ ಮುಂದೆ "ಮಡು, ಹಳ್ಳ, ತೊರೆ, ಹೊಳೆ, ಸೆಳವು, ಸುಳಿ, ನೆರೆ" ಎಂದು ನೀರಿನ ಏಳು ಹೆಸರನ್ನೂ ಒಂದೇ ಉಸಿರಿಗೆ ಒಪ್ಪಿಸುತ್ತಿದ್ದ. ಸಂಜೆ ಅತ್ತಿಮರದ ಕೆಳಗೆ ಹಣ್ಣು ಉರುಳಿಸಿ ಆಡುತ್ತಿದ್ದ. ಮೀನಕ್ಕ ಹೋದಲ್ಲಿ ಬಂದಲ್ಲಿ ಮಗನ ಗುಣಗಾನ ಮಾಡುತ್ತಿದ್ದಳು. ಆದರೆ ನೀರಿಗೆ ಅವನ ಬಾಲದ ತುದಿಯೂ ತಾಗಿರಲಿಲ್ಲ.

ಎರಡನೆಯ ಹುಣ್ಣಿಮೆ ಕಳೆದ ಮೇಲೆ ಒಂದು ಮಧ್ಯಾಹ್ನ ಸುಡುಬಿಸಿಲು. ದಡದ ಹತ್ತಿರ ಬೆಳ್ಳಿಮೀನೊಂದು ಪಳಕ್ಕನೆ ಹೊರಳಿತು. ಚಿಗುಳಿ ಪಾಠದ ನಡುವೆ ಕಣ್ಣು ತೆರೆದ. ಎದ್ದ. ಮೆಲ್ಲಗೆ ಒಂದು ಕಾಲು ಇಟ್ಟ, ಇನ್ನೊಂದು ಇಟ್ಟ. ನೀರು ಹೊಟ್ಟೆಗೆ ತಾಗಿದಾಗ ಕಚಗುಳಿಯಾಗಿ ಕಿಲಕಿಲ ನಕ್ಕ.

"ಕಣ್ಣು ತೆರೆ ಅಂತ ಯಾರು ಹೇಳಿದರು? ಬಾ ಇಲ್ಲಿ!" ಕೊಕ್ಕರೆ ಮೇಷ್ಟ್ರು ಗದರಿದರು.

"ನಿಲ್ಲು, ನಿಲ್ಲು! ಆಳ ಅಳೆದೆಯಾ? ಕೆಳಗೆ ಮೊಸಳೆ ಇದ್ದರೆ?" ಆಮೆ ಮೇಷ್ಟ್ರು ಚಡಪಡಿಸಿದರು.

ಮುಸುವ ಮೇಷ್ಟ್ರಾದರೂ ಸುಮ್ಮನಿರಬಹುದಿತ್ತು. ಅವರ ಮತದ ಪ್ರಕಾರ ಆಗಬೇಕಾದದ್ದೇ ಆಗುತ್ತಿತ್ತಲ್ಲ! ಆದರೆ ಅವರಿಗೆ ಗೆದ್ದ ಸಂಭ್ರಮ. "ನೋಡಿದಿರಾ! ತಾನಾಗೇ ಹೋಯ್ತು! ನನ್ನ ಮಾತೇ ಸರಿ!" ಎಂದು ಕಿರುಚುತ್ತ ಮರದಿಂದ ಧೊಪ್ಪೆಂದು ದಡಕ್ಕೆ ಹಾರಿದರು.

ಬೆಚ್ಚಿಬಿದ್ದ ಚಿಗುಳಿ ಒಂದೇ ನೆಗೆತಕ್ಕೆ ದಡ ಹತ್ತಿ, ಪೊದೆಯೊಳಗೆ ಸೇರಿಕೊಂಡ.

ಆಚೆ ದಡದಿಂದ ಮೀನಕ್ಕ ಎಲ್ಲವನ್ನೂ ನೋಡಿದಳು. ಈಗಲೇ ಹೋಗಿ ಕತ್ತು ಹಿಡಿದು ಜಾರಿಸಿಬಿಡಲೇ ಎಂದು ಅವಳ ಬಾಯಿ ತವಕಿಸಿತು. ಕೊಟ್ಟ ಮಾತು ನೆನಪಾಯಿತು. ಓದಿದವರಿಗೆ ತನಗಿಂತ ಹೆಚ್ಚು ಗೊತ್ತಿರುತ್ತದೆ ಎಂದುಕೊಂಡು ಕೂತುಬಿಟ್ಟಳು. ಅಯ್ಯೋ ಮೀನಕ್ಕ, ಅವತ್ತು ಒಂದು ಸಲ ನೀನು ಎದ್ದಿದ್ದರೆ!

ಮುಂದಿನ ಒಂದು ತಿಂಗಳು ಪಾಠವೇ ನಡೆಯಲಿಲ್ಲ. ಮರಿ ನೀರಿಗೆ ಇಳಿದದ್ದು ಯಾರ ಪಾಠದಿಂದ, ಓಡಿಬಂದದ್ದು ಯಾರ ತಪ್ಪಿನಿಂದ ಎಂದು ಮೂವರೂ ವಾದಕ್ಕೆ ಕೂತರು. ವಾದ ಕೇಳಲು ಮೊಲ, ಮುಂಗುಸಿ, ಕಾಡುಹಂದಿ ಎಲ್ಲ ಬಂದು ಸೇರಿದವು. ಚಿಗುಳಿ ಹಿಂದಿನ ಸಾಲಿನಲ್ಲಿ ಕೂತು ಆಕಳಿಸುತ್ತಿದ್ದ. ಮೂರನೆಯ ಹುಣ್ಣಿಮೆ ಬಂದು ಹೋದದ್ದು ಮೇಷ್ಟ್ರುಗಳಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ನಾಲ್ಕು ದಿನ ಬಿಟ್ಟು, ಬೆಳಗಿನ ಹೊತ್ತು ನೆರೆ ಬಂತು. ಕೆಂಪು ನೀರು ಮಡುವಿಗೆ ನುಗ್ಗಿತು. ನೀರುನಾಯಿಗಳ ಹಿರಿಯಜ್ಜಿ ಸಿಳ್ಳೆ ಹಾಕಿದಳು. ಒಂದೊಂದೇ ಮರಿ ಜಾರಿಕೆಯ ಮೇಲಿಂದ ಸುಯ್ಯೆಂದು ಜಾರಿ ನೀರಿಗೆ ಬಿತ್ತು. ಚಿಗುಳಿ ದಡದ ಕಲ್ಲಿನ ಮೇಲೆ ನಿಂತಿದ್ದ.

"ಮೇಷ್ಟ್ರೇ, ಈಗ ಏನು ಮಾಡಲಿ?"

ಕೊಕ್ಕರೆ ಮೇಷ್ಟ್ರು ಆಮೆಯ ಕಡೆ ನೋಡಿದರು. "ಕೈಕಾಲು ಆಡಿಸೋದು ನಿಮ್ಮ ಪಾಠದಲ್ಲಿ ಬರಬೇಕಿತ್ತಲ್ಲವೇ?"

"ನನ್ನದು ನೀರಿನ ಪಾಠ. ಈಜು ತಾನಾಗೇ ಬರುತ್ತೆ ಅಂದವರು ಅವರು" ಎಂದು ಆಮೆ ಮೇಷ್ಟ್ರು ಮರದ ಕಡೆ ಕತ್ತು ಚಾಚಿದರು. ಮುಸುವ ಮೇಷ್ಟ್ರು ಎಲೆಗಳ ಹಿಂದೆ ಮುಖ ಮರೆಸಿಕೊಂಡರು.

ಇನ್ನು ತಡೆಯಲಾರದೆ ಮೀನಕ್ಕ ಓಡಿಬಂದು ಮಗನ ಕತ್ತು ಹಿಡಿದಳು. ಆದರೆ ಚಿಗುಳಿ ಈಗ ಬೆಳೆದಿದ್ದ, ಎತ್ತಲಾಗಲಿಲ್ಲ. ಎಳೆದರೆ ನೆಲಕ್ಕೆ ಉಗುರು ಊರಿದ, ಚೀರಿದ, ತಾಯಿಯ ಮೂಗನ್ನೇ ಪರಚಿದ. "ಬೇಡಮ್ಮಾ! ಇದು ನೆರೆ! ಅಲ್ಲಿ ಸುಳಿ ಇದೆ, ಸೆಳವಿದೆ! ನನಗೆ ಗೊತ್ತು!"

ಹೌದು ಮಕ್ಕಳೇ, ಅವನಿಗೆ ಎಲ್ಲವೂ ಗೊತ್ತಿತ್ತು.

ಹಿರಿಯಜ್ಜಿ ಹೊತ್ತು ನೆತ್ತಿಗೆ ಬರುವವರೆಗೆ ಕಾದಳು. ಆಮೇಲೆ ಹೊರಟಳು, ಹಿಂದೆ ಇಡೀ ಬಳಗ ಹೊರಟಿತು. ಮೀನಕ್ಕ ಹೋಗಲಿಲ್ಲ. ಹೊಳೆಯ ತಿರುವಿನಲ್ಲಿ ಸಿಳ್ಳೆ ಸಣ್ಣದಾಗುತ್ತ ಹೋಗಿ ನಿಂತಿತು.

ಶಾಲೆ ಅವತ್ತೇ ಮುಚ್ಚಿತು. "ಮನಸ್ಸನ್ನು ನಿಲ್ಲಿಸೋದು ನನಗೆ ಗೊತ್ತಿತ್ತು, ಆಳ ನಿಮಗೆ ಗೊತ್ತಿತ್ತು, ಬಲವಂತ ಬೇಡ ಅಂತ ಮರದ ಮೇಲಿನ ಅವರಿಗೆ ಗೊತ್ತಿತ್ತು. ಈಜು ಆ ತಾಯಿಗೆ ಗೊತ್ತಿತ್ತು. ನಾಲ್ವರೂ ಒಂದು ದಿನ ಮರಿಯ ಜೊತೆ ನೀರಿಗೆ ಇಳಿದಿದ್ದರೆ ಸಾಕಿತ್ತು" ಎಂದು ಕೊಕ್ಕರೆ ಮೇಷ್ಟ್ರು ಆಮೆಗೆ ಹೇಳಿದರು. ಆಮೆ ಮೇಷ್ಟ್ರು ಚಿಪ್ಪಿನಿಂದ ತಲೆ ಹೊರಗೆ ಹಾಕಲಿಲ್ಲ. ಮರುದಿನದಿಂದ ಕೊಕ್ಕರೆ ದಿನವೂ ಒಂದು ಮೀನನ್ನು ಚಿಗುಳಿಯ ಕಲ್ಲಿನ ಮೇಲೆ ಇಟ್ಟು, ಮುಖ ತೋರಿಸದೆ ಹಾರಿಹೋಗುತ್ತಿತ್ತು.

ಮರುವರ್ಷವೂ ನೆರೆ ಬಂತು. ಚಿಗುಳಿ ಅದೇ ಕಲ್ಲಿನ ಮೇಲಿದ್ದ. ಮೀನಕ್ಕ ಈಜಿ ಬಂದು, ಮೈ ಒದ್ದೆಯಾಗಿಯೇ ಅವನ ಪಕ್ಕದಲ್ಲಿ ಕೂತಳು. ಅವನು ಅವಳ ತೊಯ್ದ ಕೂದಲನ್ನು ಮೂಸಿ ನೋಡಿ ಮೆಲ್ಲಗೆ ಕೇಳಿದ:

"ಅಮ್ಮಾ, ನೀರಿನೊಳಗೆ ಹೇಗಿರುತ್ತೆ?"

ಮೀನಕ್ಕ ಹೇಳಲು ಬಾಯಿ ತೆರೆದಳು. ಮಾತಿನಲ್ಲಿ ಹೇಳಲು ಅವಳಿಗೆ ಬರಲಿಲ್ಲ.

ನೀತಿ: ಯಾರ ಮತ ದೊಡ್ಡದು ಎಂದು ವಾದಿಸುವ ಮೊದಲು ಕಲಿಯಬೇಕಾದ ಮರಿಯ ಮುಖ ನೋಡಬೇಕು; ಕಲಿಯುವ ಕಾಲ ಯಾರ ವಾದ ಮುಗಿಯಲೆಂದೂ ಕಾಯುವುದಿಲ್ಲ.