ಮೂರು ಸುತ್ತಿನ ಬಾಲ

ಕಾಡಿನ ನಡುವೆ ಹೊಂಗೆಕೆರೆ ಅಂತ ಒಂದು ಕೆರೆ. ಅದರ ದಡದಲ್ಲಿ ಒಂದು ಶಾಲೆ. ಶಾಲೆಗೆ ಗೋಡೆ ಇರಲಿಲ್ಲ, ಬೆಂಚು ಇರಲಿಲ್ಲ, ಆದರೆ ಗಲಾಟೆಗೆ ಏನೂ ಕೊರತೆ ಇರಲಿಲ್ಲ. ಆ ವಿಷಯದಲ್ಲಿ ಅದು ನಿಮ್ಮ ಶಾಲೆಯ ಹಾಗೇ ಇತ್ತು, ಮಕ್ಕಳೇ.

ಪಾಠ ಹೇಳುತ್ತಿದ್ದವರು ದೇವೀರಮ್ಮ ಟೀಚರ್ ಎಂಬ ಕಾಡೆಮ್ಮೆ. ಅವರ ಬೆನ್ನೇ ಬೋರ್ಡು. ಬೆಳಿಗ್ಗೆ ಕೆಸರಿನಲ್ಲಿ ಹೊರಳಿ ಬಂದು ಒಂದು ಗಳಿಗೆ ಬಿಸಿಲಿಗೆ ನಿಂತರೆ ಸಾಕು, ಕೆಸರು ಒಣಗಿ ಒಳ್ಳೆಯ ಬೋರ್ಡು ತಯಾರು. ಮಾನಿಟರ್ ಬೆಳ್ಳಕ್ಕಿ ಅದರ ಮೇಲೆ ಕೊಕ್ಕಿನಿಂದ ಅಕ್ಷರ ಗೀಚುತ್ತಿತ್ತು. ಸಂಜೆ ಟೀಚರ್ ಕೆರೆಗೆ ಇಳಿದರೆ ಬೋರ್ಡು ಒರೆಸಿದ ಹಾಗೂ ಆಯಿತು, ಶಾಲೆ ಬಿಟ್ಟ ಹಾಗೂ ಆಯಿತು. ಹರಟೆ ಹೊಡೆಯುತ್ತ ಹೋಂವರ್ಕ್ ನೋಡಿಕೊಳ್ಳದೆ ಇದ್ದವರು ಆಮೇಲೆ ಬಗ್ಗಿ ಬಗ್ಗಿ ನೀರನ್ನು ನೋಡುತ್ತಿದ್ದರು.

ಶಾಲೆಗೆ ಇದ್ದದ್ದು ಒಂದೇ ನಿಯಮ. ಶಾಲೆಯ ಹೊತ್ತಿನಲ್ಲಿ ಯಾರೂ ಯಾರನ್ನೂ ತಿನ್ನಬಾರದು. ಇದನ್ನು ಬೆಳ್ಳಕ್ಕಿಗೆ ದಿನಾ ಎರಡು ಸಲ ನೆನಪಿಸಬೇಕಾಗುತ್ತಿತ್ತು.

ಬಹುಮಾನವೂ ಒಂದೇ. ವಾರದ ಹೋಂವರ್ಕನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಿದ ಮರಿಯನ್ನು ಟೀಚರ್ ಶನಿವಾರ ಬೆಳಿಗ್ಗೆ ತಮ್ಮ ಕೊಂಬಿನ ಮೇಲೆ ಕೂರಿಸಿಕೊಂಡು ಕೆರೆಗೆ ಒಂದು ಸುತ್ತು ಹಾಕಿಸುತ್ತಿದ್ದರು. ಅಷ್ಟು ಎತ್ತರದಲ್ಲಿ ಕೂತು ಬಂದವರು ಸೋಮವಾರದವರೆಗೂ ನೆಲದ ಮೇಲೆ ಕಾಲಿಡುತ್ತಿರಲಿಲ್ಲ ಅನ್ನಿ.

ಆ ಕೊಂಬಿನ ಸವಾರಿ ಎಲ್ಲರಿಗೂ ಬೇಕಿತ್ತು. ಆದರೆ ಗೋಸುಂಬೆ ಮರಿ ಸುರುಳಿಗೆ ಬೇಕಿದ್ದಷ್ಟು ಬೇರೆ ಯಾರಿಗೂ ಬೇಕಿರಲಿಲ್ಲ.

ಕಾರಣ ಇತ್ತು. ಸುರುಳಿಯ ಅಜ್ಜಿ ಇದ್ದದ್ದು ಕೆರೆಯ ಆಚೆ ದಡದ ಹಿಪ್ಪೆಮರದಲ್ಲಿ. ಅವನು ಅವಳ ಮುಖವನ್ನೇ ಕಂಡಿರಲಿಲ್ಲ. ಗೋಸುಂಬೆಗಳ ನಡಿಗೆ ನಿಮಗೆ ಗೊತ್ತಲ್ಲ? ಒಂದು ಕಾಲು ಎತ್ತಿದರೆ ಅದನ್ನು ಇಡಲೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ. ಆ ನಡಿಗೆಯಲ್ಲಿ ಕೆರೆ ಬಳಸಿ ಹೋಗುವುದು ಆಗದ ಮಾತು. ಟೀಚರ ಕೊಂಬೇರಿದರೆ ಮಾತ್ರ ಅಜ್ಜಿ ಸಿಗುತ್ತಾಳೆ ಎಂದು ಅವನು ಲೆಕ್ಕ ಹಾಕಿದ್ದ. ಈ ಆಸೆಯನ್ನು ಯಾರಿಗೂ ಹೇಳಿರಲಿಲ್ಲ.

ಸುರುಳಿ ದಡ್ಡನಲ್ಲ. ಆದರೆ ಅವನಿಗೆ ಒಂದು ಕೆಟ್ಟ ಅಭ್ಯಾಸವಿತ್ತು. ಗೋಸುಂಬೆಯ ಎರಡು ಕಣ್ಣು ಎರಡು ಕಡೆ ತಿರುಗುತ್ತವೆ. ಅವನು ಒಂದು ಕಣ್ಣನ್ನು ಟೀಚರ್ ಮೇಲೆ ನೆಟ್ಟು, ಇನ್ನೊಂದನ್ನು ಪಕ್ಕದವರ ಸ್ಲೇಟಿನ ಮೇಲೆ ಇಡುತ್ತಿದ್ದ. ಟೀಚರಿಗೆ ಹುಡುಗ ಗಮನವಿಟ್ಟು ಕೇಳುತ್ತಿದ್ದಾನೆ ಎಂದೇ ತೋರುತ್ತಿತ್ತು. ಪಕ್ಕದವರ ಉತ್ತರ ಸರಿ ಇದ್ದ ದಿನ ಇವನದೂ ಸರಿ, ತಪ್ಪಿದ್ದ ದಿನ ಇವನದೂ ತಪ್ಪು. ಹೀಗೆ ನೋಡಿ ಬರೆದು ಬರೆದು, ತನ್ನ ತಲೆಯಲ್ಲೂ ಏನಾದರೂ ಇದ್ದೀತು ಎಂಬುದನ್ನೇ ಅವನು ಮರೆತಿದ್ದ.

ಒಂದು ಗುರುವಾರ ಬೆಳ್ಳಕ್ಕಿ ಬೋರ್ಡಿನ ಮೇಲೆ ಹೋಂವರ್ಕ್ ಬರೆಯಿತು. ‘ನಮ್ಮ ಮನೆ. ಐದು ಮಾತು. ನಾಳೆ ಎಲ್ಲರೂ ನಿಂತು ಹೇಳುವುದು.’

ಮನೆಗೆ ಬಂದ ಸುರುಳಿ ಕೊಂಬೆಯ ಮೇಲೆ ಕೂತು ಯೋಚಿಸಿದ. ಏನಿದೆ ಹೇಳೋಕೆ? ಅಮ್ಮ ಎಲೆಯ ಬಣ್ಣದಲ್ಲಿ ಸುಮ್ಮನೆ ಕೂತಿರುತ್ತಾಳೆ, ತಾನು ತೊಗಟೆಯ ಬಣ್ಣದಲ್ಲಿ ಸುಮ್ಮನೆ ಕೂತಿರುತ್ತೇನೆ, ನೊಣ ಬಂದರೆ ತಿನ್ನುತ್ತೇವೆ. ಇದನ್ನು ಕೇಳಿ ಯಾರು ಬಹುಮಾನ ಕೊಟ್ಟಾರು? ಅಮ್ಮ ತಾನಾಗಿಯೇ, ಏನಾದರೂ ಹೇಳಿಕೊಡಲಾ ಮಗೂ ಎಂದು ಕೇಳಿದಳು. ಬೇಡ ಬಿಡಮ್ಮ ಎಂದ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ.

ಅಷ್ಟರಲ್ಲಿ ಕೆಳಗೆ ಜೊಂಡಿನಿಂದ ದನಿಯೊಂದು ಕೇಳಿಸಿತು. ಇವನ ಪಕ್ಕದಲ್ಲೇ ಕೂರುವ ಕಪ್ಪೆ ಮರಿ ಜಲಜ ತನ್ನ ಹೋಂವರ್ಕ್ ಬಾಯಿಪಾಠ ಮಾಡುತ್ತಿದ್ದಳು. ಕಪ್ಪೆಗಳಿಗೆ ಗಟ್ಟಿಯಾಗಿ ಹೇಳಿಕೊಳ್ಳದೆ ಏನೂ ತಲೆಗೆ ಹತ್ತುವುದಿಲ್ಲ. ಸುರುಳಿ ಜೊಂಡಿನ ಬಣ್ಣಕ್ಕೆ ತಿರುಗಿ ಮೆಲ್ಲಗೆ ಹತ್ತಿರ ಇಳಿದ. ಅವಳು ಆ ಐದು ಮಾತನ್ನು ಹದಿನೇಳು ಸಲ ಹೇಳಿಕೊಂಡಳು. ಕತ್ತಲಾಗುವ ಮೊದಲೇ ಅದು ಅವಳಿಗೂ ಬಂತು, ಇವನಿಗೂ ಬಂತು.

ಮರುದಿನ ಒಬ್ಬೊಬ್ಬರೇ ಹೇಳತೊಡಗಿದರು. ಅಳಿಲು ಮರಿ ಬೋರ ತಮ್ಮ ಮನೆಯಲ್ಲಿ ಅಡಗಿಸಿಟ್ಟ ಬೀಜವನ್ನು ಅಪ್ಪನೇ ಮರೆಯುತ್ತಾನೆ ಎಂದು ಹೇಳಿ ಎಲ್ಲರನ್ನೂ ನಗಿಸಿದ. ಅವನಾದ ಮೇಲೆ ಸುರುಳಿಯ ಸರದಿ, ಸುರುಳಿ ಆದ ಮೇಲೆ ಜಲಜಳದು. ಅಂದರೆ ಇವನು ಮೊದಲು ಹೇಳಿಬಿಟ್ಟರೆ ಮಾತು ಇವನದೇ ಆಗುತ್ತದೆ.

ಸುರುಳಿ ಹೊಂಗೆಯ ಕೊಂಬೆಯ ಮೇಲೆ ಬೀಳದ ಹಾಗೆ ಗಟ್ಟಿಯಾಗಿ ಕೂತು ಶುರು ಮಾಡಿದ. ಜಲಜ ‘ಜೊಂಡು’ ಎಂದದ್ದನ್ನು ‘ಮರ’ ಎಂದು ಬದಲಿಸಿಕೊಳ್ಳುವಷ್ಟು ಬುದ್ಧಿ ಅವನಿಗಿತ್ತು.

“ನಮ್ಮ ಮನೆ ಕೆರೆಯಂಚಿನ ಮರದಲ್ಲಿದೆ. ಮಳೆ ಬಂದ ದಿನ ನಾವೆಲ್ಲ ಸೇರಿ ಹಾಡುತ್ತೇವೆ, ನಮ್ಮಪ್ಪನ ದನಿ ಆಚೆ ದಡಕ್ಕೂ ಕೇಳುತ್ತದೆ.”

ತರಗತಿಯೆಲ್ಲ ಚಪ್ಪಾಳೆ ತಟ್ಟಿತು. ಗೋಸುಂಬೆಗಳು ಹಾಡುವುದನ್ನು ಯಾರೂ ಕೇಳಿರಲಿಲ್ಲ ನೋಡಿ. ಸುರುಳಿಗೆ ಈ ತನಕ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಅವನ ತಲೆ ಗಿರ್ರೆಂದಿತು. ಉಳಿದ ಮಾತುಗಳನ್ನು ಬದಲಿಸಿಕೊಳ್ಳಬೇಕು ಎಂಬುದು ಮರೆತೇ ಹೋಯಿತು, ಬಾಯಿಪಾಠ ಹಾಗೇ ಉರುಳಿಕೊಂಡು ಬಂತು.

“ನಮ್ಮ ಮನೆಯಲ್ಲಿ ನಾವು ಮುನ್ನೂರು ಮಕ್ಕಳು, ಅಮ್ಮನಿಗೆ ಹೆಸರು ನೆನಪಿರುವುದಿಲ್ಲ. ಹುಟ್ಟಿದಾಗ ನನಗೆ ಕಾಲೇ ಇರಲಿಲ್ಲ. ಆಗ ಬಾಲ ಇತ್ತು, ಕಾಲು ಬಂದ ಮೇಲೆ ಬಾಲ ಕರಗಿ ಹೋಯಿತು, ಈಗ ನನಗೆ ಬಾಲವೇ ಇಲ್ಲ.”

ಬೋರ ತಲೆ ಕೆರೆದುಕೊಂಡು ಕೇಳಿದ. “ಹಾಗಾದ್ರೆ ಆ ಕೊಂಬೆಗೆ ಮೂರು ಸುತ್ತು ಸುತ್ತಿರೋದು ಏನು ಸುರುಳಿ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸುರುಳಿ ಥಟ್ಟನೆ ತನ್ನ ಬಾಲವನ್ನು ನೋಡಿಕೊಂಡ. ಅದು ಎಂದಿನಂತೆ ಮೂರು ಸುತ್ತು ಸುತ್ತಿ ಅವನನ್ನು ಬೀಳದ ಹಾಗೆ ಹಿಡಿದುಕೊಂಡಿತ್ತು. ತರಗತಿಯಲ್ಲಿ ನಗು ಎದ್ದಿತು. ಬೆಳ್ಳಕ್ಕಿ ನಕ್ಕ ಭರಕ್ಕೆ ಬೋರ್ಡಿನ ಮೇಲಿಂದ ಜಾರಿ ಕೆಳಗೆ ಬಿತ್ತು. ಸುರುಳಿ ಹಸಿರಾದ, ಹಳದಿಯಾದ, ಕಂದುಬಣ್ಣವಾದ. ಎಲ್ಲರೂ ನಿನ್ನನ್ನೇ ನೋಡುತ್ತಿರುವಾಗ ಬಣ್ಣ ಬದಲಿಸಿ ಏನು ಬಂತಪ್ಪ?

ಜಲಜ ಮಾತ್ರ ನಗಲಿಲ್ಲ. ಟೀಚರ್ ಕೊಂಬು ಅಲ್ಲಾಡಿಸಿ ಎಲ್ಲರನ್ನೂ ಸುಮ್ಮನಿರಿಸಿ ಅವಳನ್ನು ಕರೆದರು. ಅವಳು ಎದ್ದು ನಿಂತಳು. ಅವಳ ದೊಡ್ಡ ಕಣ್ಣುಗಳು ತುಂಬಿದ್ದವು.

“ನನ್ನ ಹತ್ರ ಹೇಳೋಕೆ ಏನೂ ಉಳಿದಿಲ್ಲ ಟೀಚರ್,” ಎಂದಳು.

ಸುರುಳಿಗೆ ಎಲ್ಲರೂ ನಕ್ಕಾಗ ಆದದ್ದು ಅವಮಾನ. ಈಗ ಆದದ್ದು ಸಂಕಟ. ಹದಿನೇಳು ಸಲ ಹೇಳಿಕೊಂಡ ಹುಡುಗಿ ಬರಿಗೈಯಲ್ಲಿ ನಿಂತಿದ್ದಳು. ಬಾಯಿ ಮುಚ್ಚಿಕೊಂಡು ಇದ್ದುಬಿಡಬಹುದಿತ್ತು, ಆದರೆ ಅವನಿಂದ ಆಗಲಿಲ್ಲ.

“ಟೀಚರ್, ಅವೆಲ್ಲ ಜಲಜಳ ಮಾತು. ಜೊಂಡಿನಲ್ಲಿ ಅಡಗಿ ಕೂತು ನಾನು ಕದ್ದೆ,” ಎಂದ.

ಟೀಚರ್ ಬೈಯಲಿಲ್ಲ. ಅವರು ಮೆಲುಕು ಹಾಕುವುದನ್ನು ನಿಲ್ಲಿಸಿದರು, ಅದೇ ಬೈದದ್ದಕ್ಕಿಂತ ಹೆಚ್ಚು. ಆಮೇಲೆ, ಇಷ್ಟೆಲ್ಲ ಮಾಡುವಷ್ಟು ಸವಾರಿಯ ಹುಚ್ಚು ಏಕೆ ಎಂದು ಕೇಳಿದರು.

ಸುರುಳಿ ತಲೆ ತಗ್ಗಿಸಿ, ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಹೇಳಿದ. “ಆಚೆ ದಡದ ಹಿಪ್ಪೆಮರದಲ್ಲಿ ನಮ್ಮಜ್ಜಿ ಇದ್ದಾಳೆ ಟೀಚರ್, ನಾನು ಅವಳನ್ನ ನೋಡೇ ಇಲ್ಲ. ಅಮ್ಮ ಚಿಕ್ಕವಳಿದ್ದಾಗ ದೊಡ್ಡ ಮಳೆಗೆ ಕೊಂಬೆ ಮುರಿದು, ಕೊಂಬೆ ಸಮೇತ ತೇಲಿಕೊಂಡು ಈಚೆಗೆ ಬಂದುಬಿಟ್ಟಳು. ಅಜ್ಜಿ ಇನ್ನೂ ಅದೇ ಮರದಲ್ಲಿ ಇದ್ದಾಳೆ ಅಂತ ಹೋದ ಬೇಸಿಗೆಯಲ್ಲಿ ಗಿಳಿ ಬಂದು ಹೇಳಿತು. ನಾವು ನಡೆದುಕೊಂಡು ಹೊರಟರೆ ಹೋಗಿ ಸೇರೋ ಹೊತ್ತಿಗೆ ನಾನೇ ಅಜ್ಜ ಆಗಿರ್ತೀನಿ. ಅಜ್ಜಿ ಬಾಲಕ್ಕೂ ಮೂರು ಸುತ್ತಂತೆ, ನಾನು ಹುಟ್ಟಿದಾಗ ಅಮ್ಮ ಮೊದಲು ನೋಡಿದ್ದು ನನ್ನ ಬಾಲಾನೇ ಅಂತೆ.”

ಅಷ್ಟು ಹೊತ್ತೂ ಜಲಜ ಬೆರಳು ಮಡಿಸುತ್ತಿದ್ದಳು. ಕಪ್ಪೆಯ ಮುಂಗೈಗೆ ನಾಲ್ಕೇ ಬೆರಳು, ಕೊನೆಯದಕ್ಕೆ ಅವಳು ಇನ್ನೊಂದು ಕೈ ಎತ್ತಬೇಕಾಯಿತು.

“ಟೀಚರ್, ಐದು ಮಾತು ಆಯ್ತು,” ಎಂದಳು.

ದೇವೀರಮ್ಮ ಟೀಚರ್ ಮತ್ತೆ ಮೆಲುಕು ಹಾಕತೊಡಗಿದರು. ಎಲ್ಲರಿಗೂ ಜೀವ ಬಂತು.

“ಅಂಗೈಯಲ್ಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದೆಯಲ್ಲೋ,” ಎಂದರು. “ಇದನ್ನೇ ಮೊದಲು ಹೇಳಿದ್ದಿದ್ರೆ ಕೊಂಬು ನಿನ್ನದೇ ಆಗ್ತಿತ್ತು. ಆದ್ರೆ ಕದ್ದ ಮೇಲೆ ಹೇಳಿದೆ. ಈ ವಾರದ ಬಹುಮಾನ ನಿನಗಿಲ್ಲ.”

ಸುರುಳಿ ಸರಿ ಎಂದು ತಲೆಯಾಡಿಸಿದ. ಅವನಿಗೂ ಅದು ಸರಿ ಎಂದೇ ಅನ್ನಿಸಿತು. ಟೀಚರ್ ಜಲಜಳ ಕಡೆ ತಿರುಗಿ, ಕದ್ದವನ ಬಾಯಲ್ಲೇ ಚಪ್ಪಾಳೆ ಗಿಟ್ಟಿಸಿದ ಮಾತು ಅದನ್ನು ಕಟ್ಟಿದವಳ ಬಾಯಲ್ಲಿ ಹೇಗಿರುತ್ತದೋ ಕೇಳೋಣ ಎಂದರು. ಜಲಜ ಕಣ್ಣೊರೆಸಿಕೊಂಡು ಹೇಳಿದಳು. ಬರೀ ಹೇಳಲಿಲ್ಲ, ಅಪ್ಪನ ಮಳೆಹಾಡನ್ನು ಗಂಟಲುಬ್ಬಿಸಿ ಹಾಡಿಯೇ ತೋರಿಸಿದಳು. ಬೋರ ಎದ್ದು ಕುಣಿದ. ಬಹುಮಾನ ಯಾರಿಗೆಂದು ಬೇರೆ ಹೇಳಬೇಕಾಗಿರಲಿಲ್ಲ.

ಹಾಡು ಮುಗಿದ ಮೇಲೂ ಜಲಜ ಕೂರಲಿಲ್ಲ. “ಟೀಚರ್, ನಿಮಗೆ ಎರಡು ಕೊಂಬು ಇದೆ. ನನಗೆ ಒಂದು ಸಾಕು. ಇನ್ನೊಂದರ ಮೇಲೆ ಸುರುಳಿ ಕೂರಲಿ,” ಎಂದಳು.

ಸುರುಳಿ ಒಂದು ಕ್ಷಣ ಹೂವಿನಷ್ಟು ಕೆಂಪಾದ. ಆಮೇಲೆ ಮೆಲ್ಲಗೆ, “ನನ್ನ ಬದಲು ನಮ್ಮಮ್ಮ ಕೂರಬಹುದಾ? ಅವಳಿಗೆ ಅವಳಮ್ಮನ್ನ ನೋಡಬೇಕು,” ಎಂದ.

“ಕೊಂಬು ಎರಡೇ, ನಿಜ,” ಎಂದರು ಟೀಚರ್. “ಆದ್ರೆ ಅವೆರಡರ ನಡುವೆ ನನ್ನ ತಲೆ ಅಂತ ಒಂದಿದೆಯಲ್ಲ.”

ಶನಿವಾರ ಬೆಳಿಗ್ಗೆ ಮೆರವಣಿಗೆ ಹೊರಟಿತು. ಬಲಗೊಂಬಿನ ಮೇಲೆ ಜಲಜ, ಎಡಗೊಂಬಿನ ಮೇಲೆ ಸುರುಳಿಯ ಅಮ್ಮ, ನಡುವೆ ಟೀಚರ ಹಣೆಯ ಮೇಲೆ ಸುರುಳಿ. ಹಿಂದೆ ಇಡೀ ತರಗತಿ ಹಾರುತ್ತ, ಓಡುತ್ತ, ಬೀಳುತ್ತ ಬಂತು. ದಾರಿಯುದ್ದಕ್ಕೂ ಜಲಜ ಹಾಡಿದಳು. ಅಮ್ಮ ಎರಡು ಕಣ್ಣನ್ನೂ ಮುಂದಕ್ಕೇ ನೆಟ್ಟು ಕೂತಿದ್ದಳು.

ಹಿಪ್ಪೆಮರ ಬಂತು. ಮರದ ತುಂಬ ಎಲೆ. ಅಮ್ಮ ಕರೆದಳು. ಉತ್ತರವಿಲ್ಲ. ಬೋರ ಮೇಲಿನಿಂದ ಕೆಳಗಿನವರೆಗೆ ಹುಡುಕಿ ಬಂದು ಯಾರೂ ಇಲ್ಲ ಎಂದ. ಅಮ್ಮನ ಬಣ್ಣ ಮಾಸತೊಡಗಿತು. ಆಗ ಎಲೆಗಳ ನಡುವಿನಿಂದ ಒಂದು ಹಳೆಯ ದನಿ ಕೇಳಿಸಿತು.

“ಯಾರಮ್ಮ ನೀವು? ನನ್ನ ಮಗಳನ್ನ ಮಳೆ ಒಯ್ದು ಎಷ್ಟೋ ವರ್ಷ ಆಯ್ತು. ಬಣ್ಣ ನೋಡಿ ಗುರುತು ಹಿಡಿಯೋಣ ಅಂದ್ರೆ ನಮ್ಮ ಜಾತಿಯ ಬಣ್ಣ ನಂಬೋ ಹಾಗಿಲ್ಲ.”

ಸುರುಳಿ ಟೀಚರ ಹಣೆಯ ಮೇಲೆ ಹಿಂದುಮುಂದಾಗಿ ತಿರುಗಿ ನಿಂತು ಬಾಲವನ್ನು ಮೇಲೆತ್ತಿ ತೋರಿಸಿದ. ಒಂದು, ಎರಡು, ಮೂರು ಸುತ್ತು.

ಎಲ್ಲರೂ ನೋಡುತ್ತಿದ್ದಂತೆ ಒಂದು ಎಲೆ ಕಣ್ಣು ತೆರೆಯಿತು. ಇಷ್ಟು ಹೊತ್ತು ಬೋರನ ಮೂಗಿನ ಮುಂದೆಯೇ ಇದ್ದ ಎಲೆ ಅದು. ಅದರ ಹಿಂದಿನಿಂದ ಮುದಿ ಬಾಲವೊಂದು ಹೊರಗೆ ಬಂತು. ಅದಕ್ಕೂ ಮೂರೇ ಸುತ್ತು. ಅಮ್ಮ ಕೊಂಬಿನಿಂದ ಕೊಂಬೆಗೆ ದಾಟಿದಳು. ಗೋಸುಂಬೆಯೊಂದು ಅಷ್ಟು ಬೇಗ ನಡೆದದ್ದನ್ನು ಆ ಕಾಡಿನಲ್ಲಿ ಯಾರೂ ಕಂಡಿರಲಿಲ್ಲ. ತಾಯಿ ಮಗಳು ಇಬ್ಬರೂ ತಬ್ಬಿಕೊಂಡು ನೂರು ಬಣ್ಣಕ್ಕೆ ತಿರುಗಿದರು. ಟೀಚರ್ ಮೂಗಿನ ಮೇಲೆ ನೊಣ ಕೂತಿದೆ ಎಂಬ ನೆಪದಲ್ಲಿ ಮುಖ ಆಚೆ ತಿರುಗಿಸಿಕೊಂಡರು.

ಅತ್ತೂ ನಕ್ಕೂ ಆದ ಮೇಲೆ ಅಜ್ಜಿ ಮೊಮ್ಮಗನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡಳು. “ಶಾಲೆಗೆ ಹೋಗ್ತೀಯಂತೆ ಕಂದ. ಈ ವಾರ ಏನು ಕಲಿತೆ?”

ಸುರುಳಿ ಒಂದು ಕಣ್ಣಿನಿಂದ ಜಲಜಳನ್ನು ನೋಡಿದ, ಇನ್ನೊಂದರಿಂದ ಟೀಚರನ್ನು ನೋಡಿದ. ಆಮೇಲೆ ಎರಡೂ ಕಣ್ಣನ್ನು ಅಜ್ಜಿಯ ಕಡೆಗೆ ತಿರುಗಿಸಿದ.

“ನನಗೆ ಬಾಲ ಇದೆ ಅಂತ ಕಲಿತೆ ಅಜ್ಜಿ.”

ನೀತಿ: ಪರರ ಮಾತನ್ನು ಕದ್ದು ಗೆಲ್ಲಲು ಹೋದವನು ತನ್ನ ಬಳಿ ಇರುವುದನ್ನೇ ಇಲ್ಲವೆನ್ನಬೇಕಾಗುತ್ತದೆ, ತನ್ನದನ್ನು ತಾನೇ ಹೇಳಿದವನನ್ನು ಅವನವರು ಎಲ್ಲಿದ್ದರೂ ಗುರುತಿಸುತ್ತಾರೆ.